ಕುಲದರ್ಶಿ ಹೇಳದ ಹೆಸರು

ಕುಲದರ್ಶಿಗೆ ಬೇಕಾದದ್ದು ಒಂದು ಹನಿ ಕಣ್ಣೀರು, ಅಷ್ಟೆ. ರಕ್ತ ಬೇಡ, ಸೂಜಿ ಬೇಡ. ಅಂಗೈಯಗಲದ ಯಂತ್ರ, ಅದರ ಜೊತೆಗೊಂದು ಹತ್ತಿ ಸುತ್ತಿದ ಕಡ್ಡಿ. ಕಡ್ಡಿಯನ್ನು ಕಣ್ಣಿನ ಮೂಲೆಗೆ ತಾಗಿಸಿ ಯಂತ್ರದ ಬಾಯಿಗಿಟ್ಟರೆ ಸಾಕು. ಒಂದು ಕಪ್ ಚಹಾ ಕುಡಿದು ಮುಗಿಸುವುದರೊಳಗೆ ಮೈಯಲ್ಲಿ ಯಾವ ರೋಗಾಣು ಸೇರಿಕೊಂಡಿದೆ, ಅದು ಯಾವ ಕುಲದ್ದು, ಅದಕ್ಕೆ ಯಾವ ಮಾತ್ರೆ ಎಂಬುದನ್ನೆಲ್ಲ ಕನ್ನಡದಲ್ಲೇ ಹೇಳಿಬಿಡುತ್ತಿತ್ತು. ವೈದ್ಯರು ಕಾಲಿಡದ ಹಳ್ಳಿಗಳಲ್ಲೂ ಕುಲದರ್ಶಿ ಇತ್ತು. ಅದು ಬಂದ ಮೇಲೆ ಜ್ವರದಲ್ಲಿ ಸಾಯುವವರ ಸಂಖ್ಯೆ ಕಡಿಮೆಯಾದದ್ದು ಸುಳ್ಳಲ್ಲ. ಹೀಗಾಗಿ ಜನ ಅದನ್ನು ನಂಬಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಹಿರಿಯರೇ ಈ ಯಂತ್ರದ ಮುಂದೆ ಮಾತ್ರ ಪ್ರಮಾಣ ಕೇಳುವುದನ್ನು ಬಿಟ್ಟಿದ್ದರು.

ಕಲಬುರಗಿ ಸೀಮೆಯ ಕಲ್ಲಹಂಗರಗಾ ಎಂಬುದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳ ನಡುವಿನ ಊರು. ಬಿಸಿಲು, ಬಿಳಿಯ ಕಲ್ಲುಪುಡಿ, ನೊಣ, ಇವು ಮೂರಕ್ಕೆ ಅಲ್ಲಿ ಬರವಿಲ್ಲ. ಆ ದಿನ ಅಲ್ಲಿನ ಆರೋಗ್ಯ ಉಪಕೇಂದ್ರದಲ್ಲಿ ಸಹಾಯಕಿ ನಾಗವೇಣಿ ಐದು ವರ್ಷದ ಅಂಬಿಕಾಳ ಕೆಂಪಾದ ಕಣ್ಣಿಗೆ ಕಡ್ಡಿ ತಾಗಿಸಿ ಯಂತ್ರದ ಬಾಯಿಗಿಟ್ಟಳು. ಮಗುವಿನ ತಾಯಿ ಜಗದೇವಿ ಎದುರಿಗೆ ನಿಂತಿದ್ದಳು. ಯಂತ್ರ ಮಾತಾಡಿತು. ನಾಗವೇಣಿಯ ಮುಖ ಇಳಿಯಿತು.

ಕುಲದರ್ಶಿ ಹೇಳಿದ್ದು ಕ್ಲಮಿಡಿಯಾ ಎಂಬ ಹೆಸರನ್ನು. ಅದು ಗಂಡುಹೆಣ್ಣಿನ ಕೂಟದಿಂದ ಹರಡುವ ಗುಪ್ತರೋಗ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿನ ಕಣ್ಣಿಗೂ ತಗಲುವುದುಂಟು. ಆದರೆ ಐದು ವರ್ಷದ ಮಗುವಿನಲ್ಲಿ ಅದು ಕಾಣಿಸಿದರೆ ಯಾರೋ ಮಗುವಿಗೆ ಕೆಡುಕು ಮಾಡಿದ್ದಾರೆಂದೇ ಸರ್ಕಾರ ತಿಳಿಯುತ್ತದೆ. ವಿಚಾರಣೆ ಮುಗಿಯುವವರೆಗೆ ಮಗುವನ್ನು ಮನೆಯಿಂದ ದೂರ ಇಡುತ್ತಾರೆ.

ನಾಗವೇಣಿ ತಡವರಿಸುತ್ತ ಇದನ್ನು ಹೇಳಿದಾಗ ಜಗದೇವಿ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಮ್ಮ ಮನ್ಯಾಗ ಗಂಡಸರ ನೆರಳ ಸೈತ ಇಲ್ಲ. ನಾನು, ನಮ್ಮತ್ತಿ, ಈ ಕೂಸು, ಮೂರೇ ಮಂದಿ. ಆವಾಗ ನನ್ನ ಗಂಡನ ಮ್ಯಾಲ ಬೆರಳ ತೋರಸ್ತು, ನಂಬಿದೆ. ಈಗ ಯಾರ ಮ್ಯಾಲ ತೋರಸ್ತದ ನಿಮ್ಮ ಮಷೀನು?"

"ನಾ ಏನ್ ಹೇಳ್ಲಿ ಅಕ್ಕಾ, ಅದು ಹೇಳಿದ್ದನ್ನ ಮ್ಯಾಲಿನವ್ರಿಗಿ ಕಳಿಸಬೇಕು..."

"ಕಳಸು. ಆದ್ರ ಯಂತ್ರ ಬ್ಯಾಡ, ಮನುಷ್ಯಾರ್ನ ಕರಸು. ಮನುಷ್ಯಾರು ಬಂದು ನನ್ನ ಕಣ್ಣಾಗ ಕಣ್ಣಿಟ್ಟು ಹೇಳಲಿ. ಅಲ್ಲೀತನಕಾ ನನ್ನ ಮಗಳ ಮೈ ಯಾರೂ ಮುಟ್ಟಂಗಿಲ್ಲ."

ಆ ಉಪಕೇಂದ್ರದಲ್ಲಿ ಅಷ್ಟು ಗಟ್ಟಿಯಾಗಿ ಅದುವರೆಗೆ ಯಾರೂ ಮಾತಾಡಿರಲಿಲ್ಲ. ನಾಗವೇಣಿ ಒಳ್ಳೆಯ ಹುಡುಗಿ. ಪೊಲೀಸರಿಗೆ ತಿಳಿಸುವ ಮೊದಲು ಕುಲದರ್ಶಿಯ ಉಸ್ತುವಾರಿ ನೋಡುವ ಸಂಶೋಧನಾಲಯಕ್ಕೆ ಫೋನು ಮಾಡಿದಳು.

ಮೊದಲನೆಯ ಸಲ ಇದೇ ಯಂತ್ರ ಇದೇ ಹೆಸರನ್ನು ಹೇಳಿದಾಗ ಅಂಬಿಕಾ ಎದೆಹಾಲು ಕುಡಿಯುವ ಕೂಸು. ಆಗಲೂ ಕಣ್ಣು ಕೆಂಪಾಗಿ ಪಿಸುರು ಕಟ್ಟಿತ್ತು. ಯಂತ್ರದ ಮಾತಿನಂತೆ ತಾಯಿಯ ಕಣ್ಣೀರನ್ನೂ ತಂದೆಯ ಕಣ್ಣೀರನ್ನೂ ನೋಡಿದರು. ಇಬ್ಬರಲ್ಲೂ ಅದೇ ಇತ್ತು. ಯಾರಿಂದ ಯಾರಿಗೆ ಬಂತು ಎಂಬುದನ್ನು ಕುಲದರ್ಶಿ ಹೇಳಲಿಲ್ಲ. ಗಂಡಹೆಂಡಿರಿಬ್ಬರೂ ಮಾತ್ರೆ ನುಂಗಿರಿ, ಕೂಸಿಗೆ ಔಷಧಿ ಹಾಕಿರಿ, ಎಂದಷ್ಟೇ ಹೇಳಿ ಸುಮ್ಮನಾಯಿತು. ಯಂತ್ರ ಕಟ್ಟಿದವರಿಗೆ ರೋಗ ವಾಸಿಯಾದರೆ ಸಾಕಿತ್ತು, ಆ ಮೇಲೆ ಮನೆಯೊಳಗೆ ಏನಾಗುತ್ತದೆ ಎಂಬುದು ಅವರ ವಿಷಯವಾಗಿರಲಿಲ್ಲ.

ಜಗದೇವಿಗೆ ಲೆಕ್ಕ ಸರಳವಾಗಿತ್ತು. ತಾನು ಗಂಡನನ್ನು ಬಿಟ್ಟು ಬೇರೆಯವರ ಮುಖ ನೋಡಿದವಳಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ. ಉಳಿದವನು ಒಬ್ಬನೇ. ಸಾಯಬಣ್ಣ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಬಂದವನೇ ಕೈಕಾಲು ತೊಳೆದು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತ ಏನ್ ಮಾಡೀದಿ? ಪುಂಡಿಪಲ್ಲೆ ವಾಸನಿ ಬರಲತದ" ಎನ್ನುವ ಗಂಡಸು ಅಂಥವನಾಗಲು ಸಾಧ್ಯವೇ? ಅವಳು ಕೇಳಲಿಲ್ಲ. ಅವನೂ ಏನನ್ನೂ ಹೇಳಲಿಲ್ಲ. ಅವಳನ್ನು ಒಂದು ಥರ ನೋಡುತ್ತಿದ್ದ, ಅವಳು ನೋಡಿದರೆ ಮುಖ ತಿರುಗಿಸುತ್ತಿದ್ದ. ತಪ್ಪು ಮಾಡಿದವನ ನೋಟ ಎಂದು ಅವಳು ಅಂದುಕೊಂಡಳು.

ಊರ ಬಾಯಿಗೆ ಮುಚ್ಚಳ ಉಂಟೇ? ನಳದ ಹತ್ತಿರ ಮಾತು ಶುರುವಾಯಿತು. ಗಂಡ ಪರ ಊರಲ್ಲಿರುತ್ತಾನೆ, ಇವಳು ಗಣಿಗೆ ಹೋಗುತ್ತಾಳೆ, ಅಲ್ಲಿ ಲಾರಿಯವರು, ಕೂಲಿಯಾಳು ನೋಡುವ ಮುಕಾದಮರು, ಯಾರಿಗೆ ಗೊತ್ತು? ಮಾತು ಕೊನೆಗೆ ಹನುಮಪ್ಪನ ಗುಡಿಯ ಕಟ್ಟೆಗೆ ಬಂತು. ಪಂಚರು ಕೂತರು, ಜಗದೇವಿಯ ಅಣ್ಣಂದಿರೂ ಬಂದರು. ಅವಳು ಬಾಯಿ ತೆರೆಯುವ ಮೊದಲೇ ಸಾಯಬಣ್ಣ ಎದ್ದು ನಿಂತ. ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆಕಿಗಿ ಏನೂ ಕೇಳಬ್ಯಾಡ್ರಿ. ತಪ್ಪು ನನ್ನ ಕಡಿಂದ ಆಗ್ಯಾದ. ತಾಂಡೂರದಾಗ."

ಅಷ್ಟೇ ಅಂದ. ಅಲ್ಲಿಯವರೆಗೂ ಜಗದೇವಿಯಲ್ಲಿ ಆಸೆಯೊಂದು ಗುಟುಕು ಜೀವ ಹಿಡಿದುಕೊಂಡಿತ್ತು, ಅದೂ ಹೋಯಿತು. ಮನೆಗೆ ಬಂದವಳೇ ಅವನ ಹಾಸಿಗೆ, ಬಟ್ಟೆ, ಗಡ್ಡ ಹೆರೆಯುವ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಎಸೆದಳು. ಅವನು ಒಂದೊಂದನ್ನೇ ಆರಿಸಿಕೊಂಡು ಚೀಲಕ್ಕೆ ತುಂಬಿಕೊಂಡ. ಅವನ ತಾಯಿ ಭೌರಮ್ಮ ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಬಂದಳು. ಮನೆ ಭೌರಮ್ಮನದು. ಸೊಸೆ ಎಲ್ಲಿ ಹೋಗುತ್ತಾಳೆ, ಕೂಸು ಇಲ್ಲಿರಲಿ ಎಂದು ಮುದುಕಿ ಒಂದೇ ಮಾತು ಹೇಳಿ ಮುಗಿಸಿದಳು. ಅಂದಿನಿಂದ ಅವಳದು ಸೊಸೆಯೊಡನೆ ಬೇಕಾದಷ್ಟೇ ಮಾತು. ಹಾಕಿದ್ದನ್ನು ಉಣ್ಣುವಳು, ಮೊಮ್ಮಗಳನ್ನು ನೋಡಿಕೊಳ್ಳುವಳು, ಸುಮ್ಮನೆ ಇರುವಳು. ಮಗನ ನಡತೆಗೆ ನಾಚಿಕೊಂಡಿದ್ದಾಳೆಂದು ಜಗದೇವಿ ತಿಳಿದಳು. ಒಮ್ಮೊಮ್ಮೆ ಮರುಕವೂ ಆಗುತ್ತಿತ್ತು.

ಸಾಯಬಣ್ಣ ಪಂಚಮಿಗೊಮ್ಮೆ ಬಂದಿದ್ದ. ಅವಳು ಒಳಗೇ ಕೂತಳು. ಮುದುಕಿ ಕೂಸನ್ನು ಹೊರಗೆ ಒಯ್ದು ತೋರಿಸಿದಳು. ಕೂಸು ಗುರುತು ಸಿಗದೆ ಅತ್ತಿತು, ಅವನು ಹೊರಟುಹೋದ. ಮುಂದೆ ತಾಂಡೂರು ಬಿಟ್ಟು ಸೋಲಾಪುರಕ್ಕೆ ಕೆಲಸಕ್ಕೆ ಹೋದ, ಅಲ್ಲಿನ ಕಲ್ಲಿನ ಅಡ್ಡೆಯಲ್ಲಿ ಲಾರಿಗೆ ತುಂಬುವಾಗ ಚಪ್ಪಡಿಗಳ ಸಾಲು ಜಾರಿ ಅವನ ಮೇಲೆ ಬಿತ್ತು. ಹೆಣ ಊರಿಗೆ ಬಂತು. ಓಣಿಯೆಲ್ಲ ಹೋಗಿ ಮಣ್ಣು ಕೊಟ್ಟು ಬಂದಿತು. ಜಗದೇವಿ ಗಂಡನ ಮಣ್ಣಿಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಜೋಳ ಹಸನು ಮಾಡುತ್ತಿದ್ದಳು. ಅವಳ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ ಎಂದು ಊರು ಆಡಿಕೊಂಡಿತು. ಅದು ನಿಜವೂ ಆಗಿತ್ತು.

ನಾಗವೇಣಿಯ ಫೋನಿನ ಮೇರೆಗೆ ಸಂಶೋಧನಾಲಯದಿಂದ ಡಾ. ರೋಹಿಣಿ ನಾಡಿಗೇರ ಬಂದಳು. ಧಾರವಾಡದ ಕಡೆಯವಳು, ನಡುವಯಸ್ಸು. ಕುಲದರ್ಶಿಗಿಂತ ದೊಡ್ಡದಾದ ಇನ್ನೊಂದು ಪೆಟ್ಟಿಗೆಯನ್ನು ಜೀಪಿನಿಂದ ಇಳಿಸಿಕೊಂಡು ಜಗದೇವಿಯ ಮನೆಗೇ ಬಂದು ಅಂಗಳದಲ್ಲಿ ಕೂತಳು. ಅದು ರೋಗಾಣುವಿನ ವಂಶವಾಹಿಗಳನ್ನು ಮೊದಲಿಂದ ಕೊನೆಯವರೆಗೆ ಅಕ್ಷರ ಬಿಡದೆ ಓದುವ ಯಂತ್ರ. ಆದರೆ ಅವಳು ಮೊದಲು ಅದನ್ನು ಮುಟ್ಟಲಿಲ್ಲ. ಅಂಬಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆತ್ತಗೆ ಅವಳ ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದಳು. ರೆಪ್ಪೆಯ ಒಳಮೈಯಲ್ಲಿ ನೆನೆದ ಸಾಬೂದಾಣಿಯಂಥ ಕಾಳುಗಳಿದ್ದವು. ರೋಹಿಣಿ ಇನ್ನೊಂದು ಕಣ್ಣಿನ ರೆಪ್ಪೆಯನ್ನೂ ಮಗುಚಿ ನೋಡಿದಳು.

ಅಷ್ಟರಲ್ಲಿ ಭೌರಮ್ಮ ಬಂದಳು. ಮುದುಕಿಯ ಕಣ್ಣುರೆಪ್ಪೆಗಳು ಒಳಕ್ಕೆ ಮಡಚಿಕೊಂಡು ಎವೆಗೂದಲು ಕಣ್ಣಿಗೆ ಚುಚ್ಚುತ್ತಿದ್ದವು. ರೋಹಿಣಿ ಆ ಕಣ್ಣುಗಳನ್ನು ನೋಡಿ, "ಅಮ್ಮಾ, ನಿಮ್ಮ ಕಣ್ಣೀರೂ ಒಂದ್ ಹನಿ ಕೊಡ್ರಿ" ಎಂದಳು.

"ನಂದ್ಯಾಕ ಬೇಕವ್ವಾ, ಹೋಗೋ ಜೀವದ್ದು" ಎನ್ನುತ್ತಲೇ ಮುದುಕಿ ಕೊಟ್ಟಳು, ಚಹಾ ಕಾಸಲು ಒಳಗೆ ಹೋದಳು. ಮೊದಲನೆಯ ಸಲ ಅವಳ ಕಣ್ಣೀರನ್ನು ಯಾರೂ ಕೇಳಿರಲಿಲ್ಲ. ಗುಪ್ತರೋಗಕ್ಕೆ ಮುದುಕಿಯನ್ನು ಯಾರು ಕೇಳುತ್ತಾರೆ?

ಮಗುವಿನ ಕಣ್ಣೀರನ್ನೂ ಮುದುಕಿಯ ಕಣ್ಣೀರನ್ನೂ ಪೆಟ್ಟಿಗೆ ಓದಿ ಮುಗಿಸಿತು. ರೋಹಿಣಿ ಎರಡೆರಡು ಸಲ ನೋಡಿದಳು. ಆಮೇಲೆ ಜಗದೇವಿಯನ್ನು ಹತ್ತಿರ ಕೂರಿಸಿಕೊಂಡಳು.

"ನೋಡ್ರಿ ಜಗದೇವಿ, ನಾ ಹೇಳೋದನ್ನ ಸಮಾಧಾನದಿಂದ ಕೇಳ್ರಿ. ಇದು ಆ ರೋಗ ಅಲ್ಲ. ಈ ಕುಲದಾಗ ಇಬ್ಬರು ಅಕ್ಕತಂಗೇರು ಅಂತ ತಿಳ್ಕೊರಿ. ಹುಟ್ಟು ಒಂದೇ. ಎಷ್ಟೋ ಕಾಲದ ಹಿಂದ ಬ್ಯಾರೆ ಆದ್ರು. ಅಕ್ಕ ಗುಪ್ತ ಜಾಗಾದಾಗ ಉಳಿದಳು. ಅಲ್ಲಿ ಬ್ಯಾರೆ ಸೂಕ್ಷ್ಮಾಣುಗಳು ನೆರೆಹೊರೆಗೆ ರಗಡ ಇರತಾವ. ಅವು ಬಿಸಾಡಿದ್ದನ್ನ ತಗೊಂಡು ತನಗ ಬೇಕಾದ ಅಡಗಿ ತಾನ ಮಾಡ್ಕೋತಾಳ. ಅದಕ್ಕ ಆಕಿ ಹತ್ರ ಒಂದು ಒಲಿ ಇದ್ದಂಗ ಒಂದು ವಂಶವಾಹಿ ಅದ. ತಂಗಿ ಕಣ್ಣಿಗೆ ಬಂದು ಮನಿ ಮಾಡಿದಳು. ಕಣ್ಣಾಗ ಆ ನೆರೆಹೊರೆ ಇಲ್ಲ, ಒಲಿಗೆ ಹಾಕಾಕ ಏನೂ ಸಿಗಂಗಿಲ್ಲ. ಬಳಸದ ಒಲಿ ಕೆಟ್ಟು ಬಿತ್ತು. ಒಲಿ ಕೆಟ್ಟಾಕಿ ತಿರುಗಿ ಆ ಜಾಗಾಕ್ಕ ಹೋಗಿ ಬಾಳೇವು ಮಾಡಲಾರಳು. ನಿಮ್ಮ ಮನ್ಯಾಗ ಇರೋದು ಆ ತಂಗಿ. ಬರೇ ಕಣ್ಣಿನ ರೋಗ, ಟ್ರಕೋಮಾ ಅಂತಾರ. ಗಂಡಹೆಂಡಿರ ಸಂಬಂಧಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ."

"ಮತ್ತ ಮಷೀನಿಗಿ ಇಷ್ಟು ತಿಳಿಲಿಲ್ಲ?"

"ಕುಲದರ್ಶಿ ಕುಲ ನೋಡತದ. ಇಬ್ಬರೂ ನೂರಕ್ಕ ತೊಂಬತ್ತೊಂಬತ್ತು ಪಾಲು ಒಂದೇ ಥರ. ಯಾರ ಒಲಿ ಕೆಟ್ಟದ ಅಂತ ಒಳಗ ಹೊಕ್ಕು ನೋಡಂಗಿಲ್ಲ. ತಂಗಿ ಹೆಸರಾದ್ರೂ ಅದಕ್ಕ ಗೊತ್ತಿದ್ರ ಅನುಮಾನ ಬರ್ತಿತ್ತು. ಆದ್ರ ದೇಶದಾಗ ಆ ಕಣ್ಣಿನ ರೋಗ ಮುಗೀತು ಅಂತ ಎಲ್ಲಾರೂ ಹಬ್ಬಾ ಮಾಡಿದ್ರು. ಇಲ್ಲದ ರೋಗಕ್ಕ ಯಂತ್ರದಾಗ ಜಾಗಾ ಯಾಕ ಅಂತ ಕಟ್ಟಿದವರು ಆ ಹೆಸರನ್ನ ತಗದಬಿಟ್ರು. ಒಂದೇ ಹೆಸರು ಉಳೀತು, ಅದನ್ನೇ ಹೇಳ್ತು."

ರೋಹಿಣಿ ದನಿ ತಗ್ಗಿಸಿದಳು. ಈ ಗಣಿಯ ಗುಡಿಸಲುಗಳಲ್ಲಿ ಎಲ್ಲೋ ಅದು ಉಳಿದುಬಿಟ್ಟಿತ್ತು, ಸರ್ವೇಯವರು ನೋಡಿರಲಿಲ್ಲ. ಬೆರಳಿನಿಂದ, ನೊಣದಿಂದ, ಒಂದೇ ಟವೆಲಿನಿಂದ, ಒಂದೇ ಕಾಡಿಗೆಯಿಂದ ಹರಡುತ್ತದೆ. "ಮನ್ಯಾಗ ಕಾಡಿಗೆ ಯಾರು ಹಚ್ಚತಾರ?"

"ಅತ್ತಿ. ಹರಳೆಣ್ಣಿ ದೀಪದ ಮ್ಯಾಲ ತಾನ ಹಿಡಿತಾಳ. ಕೂಸು ಹುಟ್ಟಿದಾಗಿಂದ ಆಕಿದೇ ಕೆಲಸ. ಮೊದಲ ತನ್ನ ಕಣ್ಣಿಗಿ ಹಚ್ಕೋತಾಳ, ಉರೀತದ ಇಲ್ಲೋ ನೋಡ್ತಾಳ. ಉರೀದಿದ್ರ ಅದೇ ಬೆರಳಿಲೆ ಕೂಸಿಗಿ. ಮೊದಮೊದಲ ನನಗೂ ಹಚ್ತಿದ್ಳು. ಕೂಸಿನ ಕಣ್ಣು ಉರೀಬಾರ್ದಂತ..."

ಜಗದೇವಿಯ ಮಾತು ಅಲ್ಲೇ ನಿಂತಿತು. ರೋಹಿಣಿ ಹೌದೆನ್ನುವಂತೆ ಗೋಣು ಹಾಕಿದಳು. ಮಗುವಿನ ಕಣ್ಣಲ್ಲಿದ್ದದ್ದಕ್ಕಿಂತ ಮುದುಕಿಯ ಕಣ್ಣಲ್ಲಿದ್ದದ್ದೇ ಹಳೆಯದು ಎಂದು ಪೆಟ್ಟಿಗೆ ತೋರಿಸಿತ್ತು. ಅಲ್ಲಿಂದ ಕೂಸಿಗೆ, ಜಗದೇವಿಗೆ, ಕೂಸನ್ನು ಒರೆಸಿದ ಟವೆಲಿನಿಂದ ಸಾಯಬಣ್ಣನಿಗೆ. ಮಾತ್ರೆ ನುಂಗಿ ಇವರೆಲ್ಲ ಗುಣವಾದರೂ ಮುದುಕಿಯ ಕಣ್ಣಲ್ಲಿ ಅದು ಹಾಗೇ ಕೂತಿತ್ತು. ಮತ್ತೆ ಮಗುವಿಗೆ ಬಂತು.

"ಅಂದ್ರ ಅಂವ ತಪ್ಪು ಮಾಡಿಲ್ಲ?" ಎಂದಳು ಜಗದೇವಿ.

"ಇಲ್ಲ. ನೀವೂ ಮಾಡಿಲ್ಲ. ಯಾರೂ ಏನೂ ಮಾಡಿಲ್ಲ."

"ನಾ ಮಾಡಿಲ್ಲಂತ ನನಗ ಗೊತ್ತದ ಡಾಕ್ಟರಮ್ಮಾ. ಅಂವ ಮಾಡಿದ್ದಿಲ್ಲಂದ್ರ ಅಷ್ಟು ಮಂದಿ ಮುಂದ ಮಾಡೀನಿ ಅಂತ ಯಾಕ ಅಂದ? ಮಾಡದ ತಪ್ಪು ಯಾರ ಒಪ್ಕೋತಾರ?"

ಉತ್ತರ ಬಂದದ್ದು ಬಾಗಿಲಿಂದ. ಭೌರಮ್ಮ ಚಹಾದ ತಾಟು ಹಿಡಿದು ನಿಂತಿದ್ದಳು. ಒಲೆಯ ಮುಂದಿದ್ದವಳಿಗೆ ಮೊದಲಿನದೇನೂ ಕೇಳಿರಲಿಲ್ಲ, ಕೊನೆಯ ಮಾತುಗಳು ಮಾತ್ರ ಕೇಳಿದ್ದವು. ತಾಟು ಕೆಳಗಿಟ್ಟಳು.

"ಈಕಿ ಏನೂ ಮಾಡಿಲ್ಲಂದ್ರಿ? ಖರೇ ಹೇಳ್ರಿ. ಈಕಿ ಮಾಡಿಲ್ಲ?"

"ಇಲ್ಲಮ್ಮಾ. ದೇವರಾಣಿ ಇಲ್ಲ."

ಮುದುಕಿ ಕಂಬ ಹಿಡಿದುಕೊಂಡು ಕುಸಿದಳು.

"ಬಸ್ಸಿಗಿ ಕಳಸಾಕ ಹೋಗಿದ್ನಲ್ಲ, ಆವಾಗ ಅಂದ. 'ಯವ್ವಾ, ನಾ ಯಾರನ್ನೂ ಮುಟ್ಟಿಲ್ಲ. ನಿನ್ನ ಹೊಟ್ಟಿ ಮ್ಯಾಲ ಆಣಿ. ಆದ್ರ ಆಕಿನ್ನ ಏನೂ ಕೇಳಬ್ಯಾಡ. ನಾ ಪರ ಊರಾಗ ಬಿದ್ದಿರತೀನಿ, ಆಕಿ ಒಬ್ಬಾಕಿ, ಯಾವಾಗೋ ಕಾಲ ಜಾರ್ಯಾದ. ಗಂಡಸು ಮಾಡಿದ್ದು ಊರು ನಾಕ ದಿನಕ್ಕ ಮರೀತದ, ಹೆಣ್ಣಮಗಳದ್ದು ಆಕಿ ಸಾಯೋತನಕಾ ಮರಿಯಂಗಿಲ್ಲ. ಅದಕ್ಕ ನನ್ನ ಮ್ಯಾಲ ಹಾಕ್ಕೊಂಡೀನಿ. ಸಿಟ್ಟು ಇಳದ ಮ್ಯಾಲ ಕರದ್ರ ಬರ್ತೀನಿ' ಅಂದ. ನಾ ಅವನ ಮಾತಿಗಿ ಕಟ್ಟುಬಿದ್ದು ಸುಮ್ಮ ಇದ್ದೆ. ನನ್ನ ಮಗನ್ನ ತಿಂದಾಕಿ ಅಂತ ಮನಸಿನ್ಯಾಗ ಶಾಪಾ ಹಾಕ್ಕೋತ ಈಕಿ ಮಾಡಿದ ರೊಟ್ಟಿ ಉಂಡೆ."

ಜಗದೇವಿಗೆ ಈಗ ಗಂಡನ ಆ ನೋಟ ಅರ್ಥವಾಯಿತು. ಅದು ತಪ್ಪು ಮಾಡಿದವನ ನೋಟವಾಗಿರಲಿಲ್ಲ. ಅವನ ಲೆಕ್ಕವೂ ಅವಳ ಲೆಕ್ಕದಷ್ಟೇ ಸರಳವಾಗಿತ್ತು: ತಾನು ಮಾಡಿಲ್ಲ, ಯಂತ್ರ ಸುಳ್ಳು ಹೇಳುವುದಿಲ್ಲ, ಉಳಿದವಳು ಒಬ್ಬಳೇ. ಅದೇ ಲೆಕ್ಕ ಹಾಕಿ ಅವಳು ಅವನ ಹಾಸಿಗೆಯನ್ನು ಅಂಗಳಕ್ಕೆಸೆದಿದ್ದಳು. ಅದೇ ಲೆಕ್ಕ ಹಾಕಿ ಅವನು ಎದ್ದು ನಿಂತು ಟವೆಲು ಕೈಯಲ್ಲಿ ಹಿಡಿದುಕೊಂಡಿದ್ದ. ಕರೆದರೆ ಬರುತ್ತೇನೆಂದು ಸೋಲಾಪುರದಲ್ಲಿ ಕಾದಿದ್ದ. ಅವಳು ಕರೆಯಲಿಲ್ಲ. ತನ್ನ ಹೆಂಡತಿ ಕೆಟ್ಟವಳೆಂದೇ ತಿಳಿದು, ಆದರೂ ಬೇಕೆಂದುಕೊಂಡು, ಅವನು ಮಣ್ಣಿಗೆ ಹೋದ. ನಾನು ಅಂಥವಳಲ್ಲ ಎಂದು ಇನ್ನು ಯಾರಿಗೆ ಹೇಳುವುದು? ಊರಿಗೆ ಹೇಳಬಹುದು, ಪಂಚರನ್ನು ಮತ್ತೆ ಕಟ್ಟೆಗೆ ಕರೆದು ಹೇಳಬಹುದು. ಕೇಳಬೇಕಾದವನ ಕಿವಿ ಎಂದೋ ಮುಚ್ಚಿಹೋಗಿತ್ತು.

ಆಗ ಬಂತು ಅಳು. ಗಂಡ ಸತ್ತ ದಿನ ಬಾರದ್ದು, ಮಣ್ಣಿನ ದಿನ ಬಾರದ್ದು, ಎಲ್ಲ ಒಟ್ಟಿಗೆ ಬಂತು. ಅಂಬಿಕಾ ಹೆದರಿ ಅವಳ ಸೀರೆ ಹಿಡಿದು ಜಗ್ಗಿದಳು. ರೋಹಿಣಿ ಮಗುವನ್ನು ಎತ್ತಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಭೌರಮ್ಮನೇ ಕೇಳಿದಳು.

"ಅಂವಾ ತಂದಿಲ್ಲ, ಈಕಿ ತಂದಿಲ್ಲ. ಮತ್ತ ನಮ್ಮ ಮನಿಗಿ ಎಲ್ಲಿಂದ ಬಂತವ್ವಾ ಅದು? ನನ್ನ ಮಗನ್ನ ನುಂಗಿದ್ದು ಯಾವುದು, ಅಷ್ಟು ಹೇಳು ನನಗ."

ರೋಹಿಣಿ ಸತ್ಯ ಹೇಳಿ ರೂಢಿಯಾದ ಹೆಂಗಸು, ಅದು ಅವಳ ವೃತ್ತಿ. ಬಾಯಿ ತೆರೆದಳು. ಅವಳ ಕಣ್ಣು ತಾನಾಗಿ ಮುದುಕಿಯ ಬಲಗೈಯ ಕಡೆಗೆ ಹೋಯಿತು. ತೋರುಬೆರಳ ತುದಿಯಲ್ಲಿ ಬೆಳಗಿನ ಕಾಡಿಗೆ ಇನ್ನೂ ಕಪ್ಪಗಿತ್ತು. ಜಗದೇವಿ ಆ ನೋಟವನ್ನು ಕಂಡಳು. ಮುದುಕಿಗೆ ಮಗನೊಬ್ಬನೇ ಇದ್ದ. ಕೂಸಿನ ಕಣ್ಣು ಉರಿ ಹತ್ತಬಾರದೆಂದು ಮೊದಲು ತನ್ನ ಕಣ್ಣಿಗೆ ಹಚ್ಚಿಕೊಂಡು ನೋಡಿದ ಬೆರಳು ಅದು.

"ನನ್ನಿಂದ ಅತ್ತಿ," ಎಂದಳು ಜಗದೇವಿ. "ನಾ ಸಣ್ಣಾಕಿದ್ದಾಗಿಂದ ನನ್ನ ಕಣ್ಣಾಗ ಇತ್ತಂತ. ನಮ್ಮ ತವರಮನ್ಯಾಗ ಎಲ್ಲಾರ್ಗೂ ಇತ್ತು. ಲಗ್ನಾಗಿ ಬರೂವಾಗ ನಾನೇ ತಂದೀನಿ. ನನ್ನಿಂದ ಕೂಸಿಗಿ, ಅವನಿಗಿ, ನಿನಗೂ. ಹೌದಲ್ರೀ ಡಾಕ್ಟರಮ್ಮಾ?"

ರೋಹಿಣಿ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಹೌದು" ಎಂದಳು. ಮಾತ್ರೆ ಮೂವರೂ ನುಂಗಬೇಕು, ಇನ್ನು ಮುಂದೆ ಯಾರೂ ಕಾಡಿಗೆ ಹಚ್ಚಬಾರದು ಎಂದೂ ಹೇಳಿದಳು. ಅದನ್ನು ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಭೌರಮ್ಮ ಎದ್ದು ಬಂದು ಸೊಸೆಯ ಬೆನ್ನಿಗೆ ಗುದ್ದಿದಳು. "ಮೊದಲ ಯಾಕ ಹೇಳಲಿಲ್ಲೇ, ಮನಿ ಹಾಳ ಮಾಡ್ದಾಕಿ, ನನ್ನ ಮಗ ಹೋದ್ನಲ್ಲೇ" ಎಂದು ಎರಡೂ ಕೈಯಿಂದ ಗುದ್ದಿದಳು. ರೋಹಿಣಿ ಬಿಡಿಸಲು ಮುಂದಾದಾಗ ಜಗದೇವಿ ಬೇಡವೆಂದು ಕೈಮಾಡಿದಳು. ಗುದ್ದಿ ಗುದ್ದಿ ಮುದುಕಿಯ ಕೈ ಸೋತವು. ಅದೇ ಬೆನ್ನಿಗೆ ಮುಖವಿಟ್ಟು ಹೋ ಎಂದು ಅತ್ತಳು. ಮಗ ಮನೆ ಬಿಟ್ಟುಹೋದ ಮೇಲೆ ಅತ್ತೆ ಅವಳ ಮೈ ಮುಟ್ಟಿದ್ದು ಅದೇ ಮೊದಲು.

ಜಗದೇವಿ ಬೆನ್ನು ಕೊಟ್ಟು ಕೂತಳು. ಮಾಡದ ತಪ್ಪನ್ನು ಯಾರು ಒಪ್ಪಿಕೊಳ್ಳುತ್ತಾರೆ ಎಂದು ಆಗ ಕೇಳಿದವಳಿಗೆ ಈಗ ಉತ್ತರ ಗೊತ್ತಿತ್ತು. ಹೇಳಿಬಿಟ್ಟ ಮೇಲೆ ನಿನಗೂ ಹೀಗೇ ಎದೆ ಹಗುರಾಯಿತೇನು ಎಂದು ಗಂಡನನ್ನು ಕೇಳಬೇಕೆನಿಸಿತು. ಕೇಳೋಣವೆಂದರೆ ಅವನಿರಲಿಲ್ಲ.